ಬಾಗಿಲು ತಟ್ಟಿದ ಶನಿವಾರಗಳು: ವರ್ಜೀನಿಯಾದಲ್ಲಿ ಒಬ್ಬ ಶಿಕ್ಷಕಿಗಾಗಿ ಮತ ಕೇಳಿದ ನನ್ನ ಅನುಭವ

2001ರ ಫೆಬ್ರುವರಿಯಲ್ಲಿ, ಕಲಬುರಗಿಗೆ ಇನ್ನೂ ಗುಲಬರ್ಗಾ ಎಂಬ ಹೆಸರೇ ಇದ್ದ ಕಾಲದಲ್ಲಿ, ಆ ಜಿಲ್ಲೆಯ ಒಂದು ಹಳ್ಳಿಯ ಸರಕಾರಿ ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಶಿಕ್ಷಕಿಯಾಗಿದ್ದ ನಾನು ಜನಗಣತಿಯ ನಮೂನೆಗಳನ್ನು ಹೆಗಲಚೀಲದಲ್ಲಿ ತುಂಬಿಕೊಂಡು ಮನೆ ಮನೆ ತಿರುಗಿದ್ದೆ. ಗಣತಿಯೊಂದೇ ಅಲ್ಲ. ಜೂನ್ ಬಂತೆಂದರೆ ಶಾಲೆ ಬಿಟ್ಟ ಮಕ್ಕಳನ್ನು ಹುಡುಕಿಕೊಂಡು, ಚುನಾವಣೆ ಬಂತೆಂದರೆ ಮತದಾರರ ಪಟ್ಟಿ ಹಿಡಿದುಕೊಂಡು ಅದೇ ಓಣಿಗಳಲ್ಲಿ ನಡೆಯುತ್ತಿದ್ದೆವು. ಸರಕಾರದ ಕಾಗದ ಕೈಯಲ್ಲಿರುತ್ತಿದ್ದುದರಿಂದ ಬಾಗಿಲುಗಳು ತೆರೆದೇ ಇರುತ್ತಿದ್ದವು; ಹೊರಸು ಹಾಕಿ ಕೂರಿಸಿ, ನೀರು ಕೊಟ್ಟು, ಆಮೇಲೆ ಮಾತು ಶುರುಮಾಡುತ್ತಿದ್ದರು. ಮತಗಟ್ಟೆಯಲ್ಲಿ ಕುಳಿತು ಮೈಸೂರಿನ ಕಾರ್ಖಾನೆಯಲ್ಲಿ ತಯಾರಾದ ಅಳಿಸದ ಶಾಯಿಯನ್ನು ನೂರಾರು ಬೆರಳುಗಳಿಗೆ ಹಚ್ಚಿದ್ದೇನೆ. ಆದರೆ ಯಾರಿಗೆ ಮತ ಹಾಕಿ ಎಂದು ಒಬ್ಬರಿಗೂ ಹೇಳುವಂತಿರಲಿಲ್ಲ. ಸರಕಾರಿ ನೌಕರರಿಗೆ ಅದು ನಿಷಿದ್ಧ, ಮತ್ತು ಆ ನಿಷೇಧ ಸರಿಯೆಂದೇ ನಾನು ಇಂದಿಗೂ ನಂಬುತ್ತೇನೆ. ಹದಿನೆಂಟು ವರ್ಷಗಳ ನಂತರ ಅಮೆರಿಕದ ವರ್ಜೀನಿಯಾದಲ್ಲಿ, ಹೈದರಾಬಾದಿನಲ್ಲಿ ಹುಟ್ಟಿದ ಒಬ್ಬ ಶಿಕ್ಷಕಿಗಾಗಿ ಅಪರಿಚಿತರ ಬಾಗಿಲಲ್ಲಿ ನಿಂತು ಮತ ಕೇಳಿದಾಗ, ನನ್ನ ಕೈಯಲ್ಲಿದ್ದುದು ಮತ್ತೊಂದು ಪಟ್ಟಿ. ಕಾಲಿನ ಅಭ್ಯಾಸ ಮಾತ್ರ ಅದೇ ಹಳೆಯದು.

ಅಲ್ಲಿಗೆ ಬಂದ ಬಗೆಯನ್ನು ಚುಟುಕಾಗಿ ಹೇಳುತ್ತೇನೆ. 2006ರಲ್ಲಿ ಕೆಲಸಕ್ಕೆ ರಾಜೀನಾಮೆ ಕೊಟ್ಟು ಯಜಮಾನರ ಜೊತೆ ರಿಚ್ಮಂಡ್ ನಗರದ ಹೊರವಲಯಕ್ಕೆ ಬಂದೆ. ಅವಲಂಬಿತರ ವೀಸಾದಲ್ಲಿ ಸಂಬಳದ ಕೆಲಸ ಮಾಡುವಂತಿರಲಿಲ್ಲ; ಹಾಗಾಗಿ ಸಾರ್ವಜನಿಕ ಗ್ರಂಥಾಲಯದಲ್ಲಿ ಹೊಸದಾಗಿ ದೇಶಕ್ಕೆ ಬಂದವರಿಗೆ ಉಚಿತವಾಗಿ ಇಂಗ್ಲಿಷ್ ಕಲಿಸಿದೆ. 2013ರಲ್ಲಿ ಗ್ರೀನ್ ಕಾರ್ಡ್ ಬಂದ ಮೇಲೆ ಅದೇ ಪಾಠವನ್ನು ಒಂದು ಕಾಲೇಜಿನಲ್ಲಿ ಸಂಬಳಕ್ಕೆ ಕಲಿಸತೊಡಗಿದೆ. 2018ರಲ್ಲಿ ಪೌರತ್ವದ ಸಂದರ್ಶನಕ್ಕೆ ಹೋದಾಗ, ನೂರು ಪ್ರಶ್ನೆಗಳನ್ನು ಬಾಯಿಪಾಠ ಮಾಡಿಕೊಂಡಿದ್ದ ನನಗೆ ಅಧಿಕಾರಿ ಆರೇ ಪ್ರಶ್ನೆ ಕೇಳಿ ನಿಲ್ಲಿಸಿದರು. ಹತ್ತರಲ್ಲಿ ಆರು ಸರಿಯಾದರೆ ಸಾಕು ಎಂಬುದು ಆಗಿನ ನಿಯಮ. ಉಳಿದ ತೊಂಬತ್ನಾಲ್ಕು ಉತ್ತರಗಳು ಮರುವರ್ಷ ಬೇರೆಯವರ ಬಾಗಿಲಲ್ಲಿ ಉಪಯೋಗಕ್ಕೆ ಬಂದವು.

ಗಜಾಲಾ ಹಾಶ್ಮಿ ಅವರ ಹೆಸರನ್ನು ನಾನು ಮೊದಲು ಕೇಳಿದ್ದು 2019ರ ಆರಂಭದಲ್ಲಿ. ಅವರು 1964ರಲ್ಲಿ ಹೈದರಾಬಾದಿನಲ್ಲಿ ಹುಟ್ಟಿದವರು. ನಾಲ್ಕನೆಯ ವಯಸ್ಸಿನಲ್ಲಿ, 1969ರಲ್ಲಿ, ತಾಯಿ ಮತ್ತು ಅಣ್ಣನೊಂದಿಗೆ ಜಾರ್ಜಿಯಾ ರಾಜ್ಯದ ಸ್ಟೇಟ್ಸ್‌ಬರೋ ಎಂಬ ಸಣ್ಣ ಊರಿಗೆ ಬಂದರು. ತಂದೆ ಅಲ್ಲಿನ ಕಾಲೇಜಿನಲ್ಲಿ ಅಧ್ಯಾಪಕರು. ಬಿಳಿಯರ ಮತ್ತು ಕಪ್ಪು ಜನಾಂಗದವರ ಶಾಲೆಗಳನ್ನು ಒಂದುಗೂಡಿಸುತ್ತಿದ್ದ ಕಾಲವದು. ಆ ಶಾಲೆಗಳಲ್ಲಿಯೇ ಓದಿ, ಅಟ್ಲಾಂಟಾದ ಎಮರಿ ವಿಶ್ವವಿದ್ಯಾಲಯದಲ್ಲಿ ಅಮೆರಿಕನ್ ಸಾಹಿತ್ಯದಲ್ಲಿ ಡಾಕ್ಟರೇಟ್ ಪಡೆದು, 1991ರಲ್ಲಿ ರಿಚ್ಮಂಡ್ ಪ್ರದೇಶದಲ್ಲಿ ನೆಲೆಸಿದರು. ಸುಮಾರು ಮೂವತ್ತು ವರ್ಷ ಪಾಠ ಹೇಳಿದರು, ಅದರಲ್ಲಿ ಹೆಚ್ಚಿನ ಕಾಲ ರೆನಾಲ್ಡ್ಸ್ ಕಮ್ಯುನಿಟಿ ಕಾಲೇಜಿನಲ್ಲಿ. ಕಮ್ಯುನಿಟಿ ಕಾಲೇಜೆಂದರೆ ಹಗಲು ಅಂಗಡಿಯಲ್ಲಿ ದುಡಿದು ಸಂಜೆ ತರಗತಿಗೆ ಬರುವವರ, ನಲವತ್ತರ ವಯಸ್ಸಿನಲ್ಲಿ ಮತ್ತೆ ಪುಸ್ತಕ ಹಿಡಿಯುವವರ ಕಾಲೇಜು. ಅಲ್ಲಿ ಅಷ್ಟು ವರ್ಷ ಕಲಿಸಿದವರಿಗೆ ಜನರ ಕಷ್ಟ ಅಂಕಿಅಂಶದ ರೂಪದಲ್ಲಿ ಗೊತ್ತಿರುವುದಿಲ್ಲ, ಮುಖಗಳ ರೂಪದಲ್ಲಿ ಗೊತ್ತಿರುತ್ತದೆ. ಅವರು ಹುಟ್ಟಿದ ಊರು ನಮ್ಮ ಕಡೆಯವರಿಗೆ ಬಸ್ಸಿನಲ್ಲಿ ಐದಾರು ಗಂಟೆಯ ದಾರಿ. ದೊಡ್ಡ ಕಾಯಿಲೆಯಾದರೆ, ಮದುವೆಯ ಜವಳಿ ತೆಗೆಯಬೇಕಾದರೆ ನಾವು ಹೋಗುತ್ತಿದ್ದುದು ಅಲ್ಲಿಗೇ. ಆದರೆ ಈ ನಂಟಿನಿಂದ ನಾನು ಅವರ ಪ್ರಚಾರಕ್ಕೆ ಹೋಗಲಿಲ್ಲ.

ನಾನು ಹೋದದ್ದಕ್ಕೆ ಎರಡು ಕಾರಣಗಳಿದ್ದವು. 2017ರ ಜನವರಿಯಲ್ಲಿ ಏಳು ದೇಶಗಳ ಜನರ ಪ್ರವೇಶವನ್ನು ತಡೆದ ಅಧ್ಯಕ್ಷರ ಆದೇಶ ಹೊರಬಿದ್ದಾಗ, ನನ್ನ ತರಗತಿಯಲ್ಲಿದ್ದ ಸುಡಾನಿನ ಒಬ್ಬ ವಿದ್ಯಾರ್ಥಿ ತನ್ನ ಹೆಂಡತಿಯ ವೀಸಾ ಕಾಗದಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಮಡಿಸಿ ತಂದು, ಇವುಗಳ ಅರ್ಥ ಈಗ ಏನಾಯಿತು ಎಂದು ಓದಿ ಹೇಳಲು ಕೇಳಿದ್ದ. ಇಂಗ್ಲಿಷ್ ಬಲ್ಲ ನನಗೂ ಉತ್ತರ ತಿಳಿದಿರಲಿಲ್ಲ. ಅದೇ ಆದೇಶ ಹಾಶ್ಮಿ ಅವರನ್ನೂ ರಾಜಕೀಯಕ್ಕೆ ತಂದದ್ದೆಂದು ಮುಂದೆ ತಿಳಿಯಿತು. ಎರಡನೆಯದು, 2019ರ ಜನವರಿ 28ರಂದು ರಾಜ್ಯದ ಶಿಕ್ಷಕರು ಕೆಂಪು ಉಡುಪು ತೊಟ್ಟು ರಿಚ್ಮಂಡಿನ ಶಾಸನಭವನಕ್ಕೆ ನಡೆದದ್ದು. ಆ ಚಳಿಯಲ್ಲಿ ನಾನೂ ನಡೆದೆ. ಶಾಲೆಗಳಿಗೆ ಕೊಡುವ ಹಣದ ಬಗ್ಗೆ ಹೊರಗೆ ನಿಂತು ಕೂಗುವುದಕ್ಕಿಂತ ಒಳಗೆ ಕುಳಿತು ಕೈಯೆತ್ತುವ ಶಿಕ್ಷಕರು ಬೇಕು ಎಂದು ಆ ದಿನ ಮನಸ್ಸಿಗೆ ಗಟ್ಟಿಯಾಯಿತು.

ವರ್ಜೀನಿಯಾ ರಾಜ್ಯದ ಶಾಸಕಾಂಗದ ಮೇಲ್ಮನೆಯಾದ ಸೆನೆಟ್ಟಿನಲ್ಲಿ 40 ಸ್ಥಾನಗಳು, ಕೆಳಮನೆಯಲ್ಲಿ 100. ಅಧಿವೇಶನ ಸಮಸಂಖ್ಯೆಯ ವರ್ಷಗಳಲ್ಲಿ 60 ದಿನ, ಬೆಸಸಂಖ್ಯೆಯ ವರ್ಷಗಳಲ್ಲಿ ಅದಕ್ಕಿಂತ ಕಡಿಮೆ. ಆಗ ಸೆನೆಟರ್‌ಗೆ ಸಿಗುತ್ತಿದ್ದ ಸಂಬಳ ವರ್ಷಕ್ಕೆ 18,000 ಡಾಲರ್. ಹೊಟ್ಟೆಪಾಡಿಗೆ ಬೇರೆ ದಾರಿ ಇಲ್ಲದವರು ಶಾಸಕರಾಗುವುದು ಕಷ್ಟವೆಂಬುದನ್ನು ಆ ಮೊತ್ತವೇ ಹೇಳುತ್ತದೆ. ಹಾಶ್ಮಿ ಅವರು ಡೆಮಾಕ್ರಟಿಕ್ ಪಕ್ಷದಿಂದ ಸೆನೆಟ್ಟಿಗೆ ಸ್ಪರ್ಧಿಸಿದ ಹತ್ತನೆಯ ಕ್ಷೇತ್ರದಲ್ಲಿ ರಿಚ್ಮಂಡ್ ನಗರದ ಒಂದು ಭಾಗ, ಚೆಸ್ಟರ್‌ಫೀಲ್ಡ್ ಕೌಂಟಿಯ ಒಂದು ಭಾಗ ಮತ್ತು ಇಡೀ ಪೌಹಾಟನ್ ಕೌಂಟಿ ಸೇರಿದ್ದವು. ನಗರದಲ್ಲಿ ಡೆಮಾಕ್ರಟಿಕ್ ಪಕ್ಷಕ್ಕೆ ಬಲವಿತ್ತು, ಪೌಹಾಟನ್‌ನ ಹೊಲ ಕಾಡುಗಳ ನಡುವೆ ರಿಪಬ್ಲಿಕನ್ ಪಕ್ಷಕ್ಕೆ. ತೀರ್ಮಾನವಾಗಬೇಕಾಗಿದ್ದುದು ನಾವೆಲ್ಲ ವಾಸಿಸುವ ಚೆಸ್ಟರ್‌ಫೀಲ್ಡ್‌ನ ಬಡಾವಣೆಗಳಲ್ಲಿ. ಸ್ಥಾನದಲ್ಲಿದ್ದವರು ರಿಪಬ್ಲಿಕನ್ ಸೆನೆಟರ್ ಗ್ಲೆನ್ ಸ್ಟರ್ಟೆವಂಟ್.

ಸೆಪ್ಟೆಂಬರಿನ ಮೊದಲ ಶನಿವಾರ ಒಬ್ಬ ಕಾರ್ಯಕರ್ತೆಯ ಮನೆಯ ಗ್ಯಾರೇಜಿನಲ್ಲಿ ಅರ್ಧ ಗಂಟೆಯ ತರಬೇತಿ ಕೊಟ್ಟರು. ಫೋನಿನ ಆ್ಯಪ್‌ನಲ್ಲಿ ಬೀದಿಯ ನಕ್ಷೆ, ಅದರ ಮೇಲೆ ಸುಮಾರು ನಲವತ್ತು ಮನೆಗಳ ಚುಕ್ಕೆಗಳು, ಪ್ರತಿ ಚುಕ್ಕೆಯನ್ನು ಒತ್ತಿದರೆ ಆ ಮನೆಯ ಮತದಾರರ ಹೆಸರು ಮತ್ತು ವಯಸ್ಸು. ಮಾತಾಡಿದ ಮೇಲೆ ಒಂದರಿಂದ ಐದರವರೆಗೆ ಅಂಕ ಹಾಕಬೇಕು: ಖಚಿತವಾಗಿ ನಮ್ಮ ಕಡೆ ಇರುವವರಿಗೆ ಒಂದು, ಖಚಿತವಾಗಿ ವಿರುದ್ಧ ಇರುವವರಿಗೆ ಐದು, ಇನ್ನೂ ನಿರ್ಧರಿಸದವರಿಗೆ ಮೂರು. ಬಾಗಿಲು ತೆರೆಯದಿದ್ದರೆ ‘ಮನೆಯಲ್ಲಿಲ್ಲ’ ಎಂದು ಗುರುತಿಸಿ, ಕರಪತ್ರವನ್ನು ಬಾಗಿಲ ಹಿಡಿಕೆಗೆ ಸಿಕ್ಕಿಸಿ ಮುಂದೆ ಹೋಗಬೇಕು. ಅಂಚೆ ಪೆಟ್ಟಿಗೆಯೊಳಗೆ ಮಾತ್ರ ಹಾಕಕೂಡದು, ಅಂಚೆಚೀಟಿ ಇಲ್ಲದ ಕಾಗದವನ್ನು ಅದರಲ್ಲಿ ಹಾಕುವುದು ಕಾನೂನಿಗೆ ವಿರುದ್ಧ. ಇದನ್ನೆಲ್ಲ ಕೇಳುತ್ತಿದ್ದಂತೆ ನನಗೆ ನೆನಪಾದದ್ದು ಶಾಲೆಯ ಹಾಜರಿ ಪುಸ್ತಕ. ಹಾಜರಿದ್ದವರ ಹೆಸರು ಕರೆಯುವುದು ಸುಲಭದ ಕೆಲಸ; ವಾರಗಟ್ಟಲೆ ಗೈರುಹಾಜರಾದ ಹುಡುಗಿ ತೊಗರಿ ಹೊಲದಲ್ಲಿದ್ದಾಳೋ, ತಮ್ಮನನ್ನು ಆಡಿಸುತ್ತಾ ಮನೆಯಲ್ಲಿದ್ದಾಳೋ ಎಂದು ಹುಡುಕಿಕೊಂಡು ಹೋಗುವುದೇ ನಿಜವಾದ ಕೆಲಸ. ಅಮೆರಿಕದಲ್ಲಿ ರಾಜ್ಯಗಳ ಚುನಾವಣೆಗೆ ಗೈರುಹಾಜರಾಗುವವರೇ ಬಹಳ. ಅಧ್ಯಕ್ಷರ ಚುನಾವಣೆಗೆ ತಪ್ಪದೆ ಬರುವವರು, ಬೆಸಸಂಖ್ಯೆಯ ವರ್ಷದಲ್ಲಿ ನಡೆಯುವ ವರ್ಜೀನಿಯಾದ ಈ ಚುನಾವಣೆಯ ದಿನಾಂಕವನ್ನೇ ಅರಿತಿರುವುದಿಲ್ಲ. ನಮ್ಮ ಪಟ್ಟಿಯಲ್ಲಿದ್ದವರು ಹೆಚ್ಚಾಗಿ ಅಂಥವರು.

ಮೊದಲ ಎರಡು ವಾರ ನಾನು ಕೆಲಸವನ್ನು ಕೆಡಿಸಿದೆ. ನಲವತ್ತು ಮನೆಗಳಲ್ಲಿ ಬಾಗಿಲು ತೆರೆಯುತ್ತಿದ್ದುದೇ ಎಂಟೋ ಹತ್ತೋ; ತೆರೆದ ಬಾಗಿಲಲ್ಲಿ ನಾನು ಒಂದು ಪೀರಿಯಡ್ಡಿನ ಪಾಠವನ್ನೇ ಆರಂಭಿಸುತ್ತಿದ್ದೆ. ಬಂದೂಕು ಕಾನೂನು, ಆರೋಗ್ಯ ವಿಮೆ, ಶಾಲೆಗಳ ಅನುದಾನ ಎಂದು ಒಂದೊಂದಾಗಿ ವಿವರಿಸುತ್ತಿದ್ದಂತೆ ಎದುರಿಗಿದ್ದವರ ಕೈ ಮೆಲ್ಲಗೆ ಬಾಗಿಲ ಹಿಡಿಕೆಯ ಕಡೆಗೆ ಹೋಗುತ್ತಿತ್ತು. ಜೊತೆಗೆ ಬರುತ್ತಿದ್ದ ಒಬ್ಬ ನಿವೃತ್ತ ಶುಶ್ರೂಷಕಿ ನನ್ನನ್ನು ತಿದ್ದಿದರು: ಮೊದಲು ಪ್ರಶ್ನೆ ಕೇಳಬೇಕು, ಆಮೇಲೆ ಉತ್ತರ ಬರುವವರೆಗೆ ತುಟಿ ಬಿಚ್ಚಬಾರದು. ತರಗತಿಯಲ್ಲಿ ಇಪ್ಪತ್ತು ವರ್ಷ ಮಾಡಿದ್ದನ್ನು ಬಾಗಿಲಲ್ಲಿ ಮರೆತಿದ್ದೆ. ನಿಮ್ಮ ಮನೆಯಲ್ಲಿ ರಾಜ್ಯ ಸರಕಾರದಿಂದ ಆಗಬೇಕಾದ ಕೆಲಸವೇನಾದರೂ ಇದೆಯೇ ಎಂದು ಕೇಳಿ ಸುಮ್ಮನೆ ನಿಂತರೆ, ಮಗನ ಶಾಲೆಯ ತಗಡಿನ ತಾತ್ಕಾಲಿಕ ಕೊಠಡಿಯ ವಿಷಯ ಬರುತ್ತಿತ್ತು, ಅಮ್ಮನ ಔಷಧಿಯ ಬೆಲೆಯ ವಿಷಯ ಬರುತ್ತಿತ್ತು. ಆ ವರ್ಷ ಮೇ 31ರಂದು ವರ್ಜೀನಿಯಾ ಬೀಚಿನ ಸರಕಾರಿ ಕಚೇರಿಯಲ್ಲಿ ಹನ್ನೆರಡು ಜನರನ್ನು ಗುಂಡಿಟ್ಟು ಕೊಂದಿದ್ದರು. ಜುಲೈಯಲ್ಲಿ ಅದಕ್ಕಾಗಿ ಕರೆದ ವಿಶೇಷ ಅಧಿವೇಶನ ಯಾವ ಮಸೂದೆಯನ್ನೂ ಅಂಗೀಕರಿಸದೆ ಸುಮಾರು ಒಂದೂವರೆ ಗಂಟೆಯಲ್ಲಿ ಮುಂದೂಡಲ್ಪಟ್ಟಿತ್ತು. ಅದನ್ನು ನಾನು ನೆನಪಿಸಬೇಕಾಗಿರಲಿಲ್ಲ. ತಾಯಂದಿರು ತಾವಾಗಿಯೇ ಎತ್ತುತ್ತಿದ್ದರು.

ಕೊನೆಗೆ ಕೇಳಬೇಕಾದ ಪ್ರಶ್ನೆ ಇನ್ನೊಂದಿತ್ತು: ನವೆಂಬರ್ 5ರಂದು ಎಷ್ಟು ಗಂಟೆಗೆ ಮತ ಹಾಕುತ್ತೀರಿ? ಬೆಳಿಗ್ಗೆ ಕೆಲಸಕ್ಕೆ ಹೋಗುವ ಮುನ್ನವೋ, ಮಕ್ಕಳನ್ನು ಶಾಲೆಗೆ ಬಿಟ್ಟ ಮೇಲೋ? ಗಂಟೆಯನ್ನು ಬಾಯಿಬಿಟ್ಟು ಹೇಳಿದವರು ಬಂದೇ ಬರುತ್ತಾರೆಂದು ಹಳಬರು ನಂಬಿದ್ದರು. ಹನ್ನೆರಡು ಗಂಟೆಯ ಪಾಳಿ ಮಾಡುವ ಒಬ್ಬ ಆಸ್ಪತ್ರೆಯ ನರ್ಸ್, ಆ ದಿನ ನನಗೆ ಸಾಧ್ಯವೇ ಇಲ್ಲ ಎಂದರು. ಆಗ ವರ್ಜೀನಿಯಾದಲ್ಲಿ ಕಾರಣ ಕೊಡದೆ ಮುಂಚಿತವಾಗಿ ಮತ ಹಾಕುವಂತಿರಲಿಲ್ಲ. ಆದರೆ ಕೆಲಸ ಮತ್ತು ಪ್ರಯಾಣ ಸೇರಿ ಹನ್ನೊಂದು ಗಂಟೆ ಅಥವಾ ಅದಕ್ಕಿಂತ ಹೆಚ್ಚಾದರೆ ಅದು ಒಪ್ಪತಕ್ಕ ಕಾರಣವಾಗಿತ್ತು. ಆ ನಿಯಮ ಅವರಿಗೆ ತಿಳಿದಿರಲಿಲ್ಲ. ಮೆಟ್ಟಿಲ ಮೇಲೆ ಕುಳಿತು ಇಬ್ಬರೂ ಅರ್ಜಿ ತುಂಬಿದೆವು. ನನ್ನ ಮಟ್ಟಿಗೆ ಆ ಇಡೀ ಮಧ್ಯಾಹ್ನದ ಗಳಿಕೆ ಆ ಒಂದು ಅರ್ಜಿ.

ಅಕ್ಟೋಬರಿನ ಒಂದು ಶನಿವಾರ ಪೌಹಾಟನ್ ಕಡೆಗೆ ಕಳಿಸಿದರು. ಜಲ್ಲಿ ಹಾಕಿದ ಉದ್ದನೆಯ ದಾರಿ, ಎರಡು ನಾಯಿಗಳು, ವರಾಂಡದಲ್ಲಿ ಕುರ್ಚಿ ಹಾಕಿಕೊಂಡಿದ್ದ ವೃದ್ಧರು. ಕರಪತ್ರವನ್ನು ದೂರಕ್ಕೆ ಹಿಡಿದು ಓದಿ, ಈ ಹೆಸರನ್ನು ಹೇಗೆ ಹೇಳಬೇಕು ಎಂದು ಕೇಳಿದರು. ಅದರಲ್ಲಿ ಕೊಂಕಿರಲಿಲ್ಲ. ನಾನು ಕರಪತ್ರದ ಹಿಂಬದಿಯಲ್ಲಿ ಆ ಹೆಸರನ್ನು ಮೂರು ತುಂಡು ಮಾಡಿ, ಒತ್ತು ಎಲ್ಲಿ ಬೀಳಬೇಕೋ ಅಲ್ಲಿ ಗೆರೆ ಎಳೆದು ತೋರಿಸಿದೆ. ಅದಕ್ಕೆ ಜಿಂಕೆ ಎಂಬ ಅರ್ಥವಿದೆಯೆಂದೂ ಹೇಳಿದೆ. ಅವರು ಎರಡು ಸಲ ಉಚ್ಚರಿಸಿದರು, ಎರಡನೆಯ ಸಲ ಸರಿಯಾಯಿತು. ನಂತರ, ತಾನು ಜೀವನವಿಡೀ ರಿಪಬ್ಲಿಕನ್ನರಿಗೇ ಮತ ಹಾಕಿದವನು, ಈ ಸಲವೂ ಹಾಗೆಯೇ ಎಂದು ಸೌಜನ್ಯದಿಂದ ತಿಳಿಸಿದರು. ಐದು ಎಂದು ಗುರುತಿಸಿದೆ. ಆದರೂ ಆ ಬಾಗಿಲನ್ನು ವ್ಯರ್ಥವೆಂದು ನಾನು ಎಣಿಸುವುದಿಲ್ಲ. ನನ್ನ ಹೆಸರನ್ನು ಹದಿಮೂರು ವರ್ಷ ಮೊಟಕುಗೊಳಿಸಿಯೇ ಕರೆಯಿಸಿಕೊಂಡಿದ್ದ ನಾನು, ಆ ಸೋಮವಾರ ತರಗತಿಯಲ್ಲಿ ನನ್ನ ಪೂರ್ತಿ ಹೆಸರನ್ನು ಹಲಗೆಯ ಮೇಲೆ ಬರೆದು ಹಾಗೆಯೇ ತುಂಡು ಮಾಡಿ ತೋರಿಸಿದೆ.

ಎಲ್ಲಕ್ಕಿಂತ ಕಷ್ಟವಾದದ್ದು ನಮ್ಮವರ ಬಾಗಿಲುಗಳು. ಚೆಸ್ಟರ್‌ಫೀಲ್ಡ್‌ನ ಮಿಡ್ಲೋಥಿಯನ್ನಿನ ಒಂದು ಮನೆಯ ಮುಂದೆ ರಂಗೋಲಿ ಕಂಡು ಸಂತೋಷದಿಂದ ಗಂಟೆ ಒತ್ತಿದೆ. ಕನ್ನಡದವರೇ. ಒಳಗೆ ಕರೆದು ಕೂರಿಸಿ ಕಾಫಿ ಕೊಟ್ಟರು. ಕರಪತ್ರ ನೋಡಿದ ಮೇಲೆ ಆ ಮನೆಯ ಯಜಮಾನರು ಸ್ವರ ತಗ್ಗಿಸಿ, “ಮೇಡಂ, ನೀವು ತಪ್ಪು ತಿಳ್ಕೋಬೇಡಿ, ಇವರು ನಮ್ಮವರಲ್ಲವಲ್ಲ” ಎಂದರು. ಅವರ ಮಾತಿನ ಅರ್ಥ ನನಗಾಗಲಿಲ್ಲವೆಂದು ನಟಿಸಬಹುದಾಗಿತ್ತು, ನಟಿಸಲಿಲ್ಲ. “ಮುಸ್ಲಿಮರು ಅಂತ ಹೇಳ್ತಿದ್ದೀರಾ ಸರ್?” ಎಂದು ನೇರವಾಗಿ ಕೇಳಿದೆ. ಅವರು ಉತ್ತರಿಸಲಿಲ್ಲ. ಈ ರಾಜ್ಯದ ಸೆನೆಟ್ಟಿನಲ್ಲಿ ಅದುವರೆಗೆ ಒಬ್ಬ ಮುಸ್ಲಿಮರೂ ಕುಳಿತಿರಲಿಲ್ಲ, ದಕ್ಷಿಣ ಏಷ್ಯಾ ಮೂಲದವರೂ ಕುಳಿತಿರಲಿಲ್ಲ. ಪೌಹಾಟನ್‌ನ ವರಾಂಡದಲ್ಲಿ ಕುಳಿತು ನೋಡುವವರಿಗೆ ಹಾಶ್ಮಿ ಅವರೂ ನಾನೂ ಇವರೂ ಒಂದೇ ಗುಂಪಿನವರು ಎಂದು ಹೇಳಿದೆ. ಆ ಯಜಮಾನರ ಮಗಳು ಓದುತ್ತಿದ್ದ ಸರಕಾರಿ ಶಾಲೆಗೆ ಬೇಕಾದ ಹಣದ ತೀರ್ಮಾನ ಆ ಸಭೆಯಲ್ಲಿ ಆಗುತ್ತದೆ ಎಂದೂ ಹೇಳಿದೆ. ಅವರಿಗೆ ಹಿತವಾಗಲಿಲ್ಲ. ಮೂರು ಎಂದು ಗುರುತಿಸಿಕೊಂಡು ಎದ್ದೆ.

ಅಷ್ಟರಲ್ಲಿ ಒಳಗಿನ ಕೋಣೆಯಿಂದ ಅವರ ತಾಯಿ ಬಂದರು. ಧಾರವಾಡದ ಕಡೆಯವರು, ಮೂವತ್ತು ವರ್ಷ ಪ್ರಾಥಮಿಕ ಶಾಲೆಯಲ್ಲಿ ಕಲಿಸಿ ನಿವೃತ್ತರಾದ ಮೇಲೆ ಮಗನ ಹತ್ತಿರ ಬಂದವರು. ಪೌರತ್ವ ಬಂದು ನಾಲ್ಕು ವರ್ಷವಾಗಿದ್ದರೂ ಮತದಾರರ ಪಟ್ಟಿಯಲ್ಲಿ ಅವರ ಹೆಸರಿರಲಿಲ್ಲ. ಯಾರೂ ಸೇರಿಸಿರಲಿಲ್ಲ, ಅವರೂ ಕೇಳಿರಲಿಲ್ಲ. “ಇವರೂ ಸಾಲಿ ಕಲಿಸಿದವರೇನ್ರಿ?” ಎಂದು ಕರಪತ್ರದ ಚಿತ್ರವನ್ನು ನೋಡುತ್ತಾ ಕೇಳಿದರು. ಹೌದೆಂದೆ. “ಹಂಗಾರ ನನ್ನ ಹೆಸರು ಬರ್ಕೋರಿ” ಎಂದರು. ಹೆಸರು ನೋಂದಾಯಿಸಲು ಚುನಾವಣೆಗೆ 22 ದಿನ ಮೊದಲಿನವರೆಗೆ ಅವಕಾಶವಿತ್ತು. ನಾನು ಹೋದ ದಿನ ಆ ಗಡುವಿಗೆ ಎರಡೇ ದಿನ ಉಳಿದಿತ್ತು.

ಚುನಾವಣೆಯ ದಿನ ಬೆಳಿಗ್ಗೆ ಆರಕ್ಕೆ ಮತಗಟ್ಟೆ ತೆರೆಯಿತು. ನಮ್ಮಲ್ಲಿ ಮತದಾನ ಮುಗಿಯುವುದಕ್ಕೆ 48 ಗಂಟೆ ಮೊದಲೇ ಬಹಿರಂಗ ಪ್ರಚಾರ ನಿಲ್ಲುತ್ತದೆ, ಮತಗಟ್ಟೆಯಿಂದ ನೂರು ಮೀಟರಿನೊಳಗೆ ಯಾರೂ ಮತ ಕೇಳುವಂತಿಲ್ಲ. ವರ್ಜೀನಿಯಾದಲ್ಲಿ ಬಿಡಬೇಕಾದ ದೂರ ನಲವತ್ತು ಅಡಿ ಮಾತ್ರ, ಮತ್ತು ಸಂಜೆ ಏಳಕ್ಕೆ ಬಾಗಿಲು ಮುಚ್ಚುವವರೆಗೂ ಕೇಳುತ್ತಲೇ ಇರಬಹುದು. ಎರಡೂ ಪಕ್ಷದವರು ಅಕ್ಕಪಕ್ಕ ನಿಂತು ಒಂದೇ ಫ್ಲಾಸ್ಕಿನ ಕಾಫಿ ಕುಡಿದೆವು. ಹತ್ತು ಗಂಟೆಯ ಹೊತ್ತಿಗೆ ಧಾರವಾಡದ ಆ ತಾಯಿ ಸೊಸೆಯೊಂದಿಗೆ ಬಂದರು, ಇಳಕಲ್ ಸೀರೆಯ ಮೇಲೆ ಮಗನ ದಪ್ಪ ಕೋಟು ಹಾಕಿಕೊಂಡು. ಮತಪತ್ರದ ಅಂಡಾಕಾರದ ಗುರುತನ್ನು ತುಂಬಿ ಯಂತ್ರಕ್ಕೆ ಕೊಟ್ಟು ಹೊರಬಂದವರು ತಮ್ಮ ಎಡಗೈಯನ್ನು ತಿರುಗಿಸಿ ನೋಡಿಕೊಂಡು, “ಬಟ್ಟಿಗೆ ಶಾಯಿ ಹಚ್ಚಂಗಿಲ್ಲೇನ್ರಿ ಇಲ್ಲೆ?” ಎಂದರು. ಶಾಯಿಯ ಬದಲು ಕೊಡುವ ಸಣ್ಣ ಚೀಟಿಯನ್ನು ಕೋಟಿನ ಮೇಲೆ ಅಂಟಿಸಿದೆ. ಎಷ್ಟೋ ಬೆರಳುಗಳಿಗೆ ಶಾಯಿ ಹಚ್ಚಿದವರು ನಾವಿಬ್ಬರೂ. ಇಬ್ಬರಿಗೂ ಅದು ಸಾಲದೆನಿಸಿತು.

ಹಾಶ್ಮಿ ಅವರು ಶೇಕಡ 54ರಷ್ಟು ಮತ ಪಡೆದು ಗೆದ್ದರು. ಆ ರಾತ್ರಿ ಡೆಮಾಕ್ರಟಿಕ್ ಪಕ್ಷಕ್ಕೆ ಸೆನೆಟ್ಟಿನಲ್ಲಿ 21–19ರ ಬಹುಮತ ಬಂತು, ಕೆಳಮನೆಯಲ್ಲಿಯೂ ಬಹುಮತ ಬಂತು. ಎರಡು ಸದನಗಳೂ, ಜನರೇ ಆರಿಸುವ ಗವರ್ನರ್ ಹುದ್ದೆಯೂ ಒಟ್ಟಿಗೆ ಆ ಪಕ್ಷದ ಕೈಗೆ ಬಂದದ್ದು ಸುಮಾರು ಕಾಲು ಶತಮಾನದ ನಂತರ. ಎರಡು ಸ್ಥಾನ ಅತ್ತಿತ್ತ ಆಗಿದ್ದರೆ ಸದನವೇ ಕೈತಪ್ಪುತ್ತಿತ್ತು.

ಗೆದ್ದ ಮೇಲೆ ಮನೆಗೆ ಹೋಗಿ ಕೂರುವುದು ನನಗೆ ಸರಿಕಾಣಲಿಲ್ಲ. 2020ರ ಅಧಿವೇಶನದಲ್ಲಿ, ವರ್ಜೀನಿಯಾದಲ್ಲಿ ಬೆಳೆದು ಓದಿದ ವಿದ್ಯಾರ್ಥಿಗಳಿಗೆ ಅವರ ವಲಸೆಯ ದಾಖಲೆ ಏನೇ ಇದ್ದರೂ ರಾಜ್ಯದ ನಿವಾಸಿಗಳ ಕಡಿಮೆ ಶುಲ್ಕವನ್ನೇ ವಿಧಿಸುವ ಮಸೂದೆ ಬಂದಾಗ, ಸಮಿತಿಯ ಮುಂದೆ ಮಾತಾಡಲು ಹೆಸರು ಕೊಟ್ಟೆ. ಥಾಮಸ್ ಜೆಫರ್ಸನ್ ವಿನ್ಯಾಸ ಮಾಡಿದ ಆ ಶಾಸನಭವನದ ಪಕ್ಕದ ಕಟ್ಟಡದಲ್ಲಿ ಮುಂಜಾನೆಯ ಸಭೆ. ಸಿಗುವುದು ಎರಡು ನಿಮಿಷ. ಮೊದಲ ಕರಡು ಓದಲು ಒಂಬತ್ತು ನಿಮಿಷ ಬೇಕಾಗುತ್ತಿತ್ತು. ಅಂಕಿಗಳನ್ನು ತೆಗೆದೆ, ನನ್ನ ಪರಿಚಯವನ್ನು ಒಂದು ಸಾಲಿಗೆ ಇಳಿಸಿದೆ, ಒಬ್ಬ ವಿದ್ಯಾರ್ಥಿನಿಯ ಒಂದು ವಾರದ ದಿನಚರಿಯನ್ನಷ್ಟೇ ಉಳಿಸಿಕೊಂಡೆ: ಬೆಳಿಗ್ಗೆ ಬೇಕರಿ, ಸಂಜೆ ತರಗತಿ, ಮತ್ತು ಪಕ್ಕದ ಬೆಂಚಿನವನಿಗಿಂತ ಆಕೆ ಎಷ್ಟು ಹೆಚ್ಚು ಶುಲ್ಕ ಕಟ್ಟುತ್ತಾಳೆ ಎಂಬ ಒಂದೇ ಸಂಖ್ಯೆ. ಹೇಳಿ ಮುಗಿಸಿದಾಗ ಇನ್ನೂ ಹತ್ತು ಸೆಕೆಂಡು ಉಳಿದಿತ್ತು. ಆ ಮಸೂದೆ ಕಾನೂನಾಯಿತು, ಜುಲೈ 1ರಿಂದ ಜಾರಿಗೆ ಬಂತು. ನನ್ನ ಎರಡು ನಿಮಿಷದಿಂದ ಆಯಿತೆಂದು ನಾನು ಹೇಳಲಾರೆ. ಆದರೆ ತರಗತಿಯನ್ನು ಒಳಗಿನಿಂದ ಬಲ್ಲವರು ಆ ಸದನದಲ್ಲಿ ಇದ್ದುದರಿಂದ ಅನುಕೂಲವಾಯಿತೆಂದು ನಿಸ್ಸಂಕೋಚವಾಗಿ ಹೇಳುತ್ತೇನೆ. ಸ್ಥಳೀಯ ಆಡಳಿತ ಒಪ್ಪಿದರೆ ಶಿಕ್ಷಕರ ಸಂಘ ಸಂಬಳದ ಬಗ್ಗೆ ಸಾಮೂಹಿಕವಾಗಿ ಚೌಕಾಸಿ ಮಾಡಬಹುದೆಂಬ ಕಾನೂನು ಬಂದದ್ದೂ ಅದೇ ಅಧಿವೇಶನದಲ್ಲಿ. ಅದುವರೆಗೆ ಈ ರಾಜ್ಯದಲ್ಲಿ ಅದಕ್ಕೆ ಅವಕಾಶವೇ ಇರಲಿಲ್ಲ.

ಊರಿಗೆ ಬಂದಾಗ ಹಳೆಯ ಸಹೋದ್ಯೋಗಿಗಳು ಕೇಳುತ್ತಾರೆ: ನಮಗೆ ಶಿಕ್ಷಕರ ಕ್ಷೇತ್ರವೇ ಇದೆಯಲ್ಲ, ಇದರಲ್ಲಿ ವಿಶೇಷವೇನು? ಕರ್ನಾಟಕದ ವಿಧಾನ ಪರಿಷತ್ತಿನ 75 ಸ್ಥಾನಗಳಲ್ಲಿ ಏಳು ಶಿಕ್ಷಕರಿಂದಲೇ ಆಯ್ಕೆಯಾಗುವಂಥವು. ಈಶಾನ್ಯ ಶಿಕ್ಷಕರ ಕ್ಷೇತ್ರದಲ್ಲಿ ಒಂದು, ಎರಡು ಎಂದು ಪ್ರಾಶಸ್ತ್ಯ ಬರೆದು ನಾನೂ ಮತ ಹಾಕಿದ್ದೇನೆ. ಅದು ಬೆಲೆಯುಳ್ಳ ಏರ್ಪಾಡು. ಆದರೆ ಅಲ್ಲಿ ಮತ ಕೇಳುವವರೂ ಹಾಕುವವರೂ ನಾವೇ ಆಗಿರುವುದರಿಂದ ಮಾತು ವೇತನ, ವರ್ಗಾವಣೆ, ಪಿಂಚಣಿಗಳ ಸುತ್ತ ನಿಂತುಬಿಡುತ್ತದೆ. ಹಾಶ್ಮಿ ಅವರಿಗೆ ಮತ ಹಾಕಿದವರಲ್ಲಿ ಮರಗೆಲಸದವರಿದ್ದರು, ಸೈನಿಕರಿದ್ದರು, ವಕೀಲರಿದ್ದರು. ಅವರೆಲ್ಲರೂ ಒಬ್ಬ ಶಿಕ್ಷಕಿಯನ್ನು ತಮ್ಮ ಪ್ರತಿನಿಧಿಯೆಂದು ಒಪ್ಪುವಂತೆ ಮಾಡುವುದು ಬೇರೆಯದೇ ಆದ ಕೆಲಸ, ಮತ್ತು ಅದನ್ನು ಮಾಡಿ ನೋಡದೆ ನನಗೆ ಅದರ ತೂಕ ತಿಳಿಯುತ್ತಿರಲಿಲ್ಲ.

ಕ್ಷೇತ್ರಗಳ ಗಡಿ ಬದಲಾದ ಮೇಲೆ 2023ರಲ್ಲಿ ಅವರು ಹದಿನೈದನೆಯ ಕ್ಷೇತ್ರದಿಂದ ಮತ್ತೆ ಆರಿಸಿ ಬಂದರು. 2024ರಿಂದ ಸೆನೆಟ್ಟಿನ ಶಿಕ್ಷಣ ಮತ್ತು ಆರೋಗ್ಯ ಸಮಿತಿಯ ಅಧ್ಯಕ್ಷರಾದರು. ಪಕ್ಷದ ಅಭ್ಯರ್ಥಿಯನ್ನು ಆರಿಸುವ 2025ರ ಜೂನ್ 17ರ ಪ್ರಾಥಮಿಕ ಚುನಾವಣೆಯಲ್ಲಿ, ಗವರ್ನರ್ ನಂತರದ ಸ್ಥಾನವಾದ ಲೆಫ್ಟಿನೆಂಟ್ ಗವರ್ನರ್ ಹುದ್ದೆಗೆ ಆರು ಜನ ಸ್ಪರ್ಧಿಸಿದ್ದರು. ಅವರು ಗೆದ್ದದ್ದು ಶೇಕಡ ಒಂದಕ್ಕಿಂತಲೂ ಕಡಿಮೆ ಅಂತರದಿಂದ. ಒಂದು ಬೀದಿಯನ್ನು ಪೂರ್ತಿ ನಡೆಯದೆ ಸಂಜೆಯಾಯಿತೆಂದು ಹಿಂದಿರುಗುವವರಿಗೆ ನಾನು ಈಗ ಹೇಳುವುದು ಆ ಅಂತರವನ್ನು. ನವೆಂಬರ್ 4ರಂದು ಅವರು ಇಡೀ ರಾಜ್ಯದಿಂದ ಆರಿಸಿ ಬಂದರು. ಆ ಹುದ್ದೆಯಲ್ಲಿರುವವರು ಸೆನೆಟ್ಟಿನ ಅಧ್ಯಕ್ಷಪೀಠದಲ್ಲಿ ಕುಳಿತು ಕಲಾಪ ನಡೆಸುತ್ತಾರೆ, ಮತಗಳು ಸಮನಾದಾಗ ತಾವೂ ಒಂದು ಮತ ಹಾಕುತ್ತಾರೆ.

ಆ ವರ್ಷವೂ ಮಿಡ್ಲೋಥಿಯನ್ನಿನ ಅದೇ ಬೀದಿ ನನ್ನ ಪಾಲಿಗೆ ಬಂತು. ರಂಗೋಲಿಯ ಮನೆಯ ಗಂಟೆ ಒತ್ತಿದಾಗ ಬಾಗಿಲು ತೆರೆದವಳು, ಹಿಂದೆ ಐದನೆಯ ತರಗತಿಯಲ್ಲಿದ್ದ ಮಗಳು. ಹದಿನೇಳಾಗಿದೆ, ಮತಕ್ಕೆ ಇನ್ನೊಂದು ವರ್ಷ ಬೇಕು. ಅಜ್ಜಿ ಊರಿಗೆ ಮರಳಿದ್ದಾರೆಂದೂ ಅಪ್ಪ ಕಚೇರಿಯಿಂದ ಬರುವುದು ಏಳರ ಮೇಲೆಂದೂ ಹೇಳಿದಳು. ಆ್ಯಪ್‌ನಲ್ಲಿ ಅವಳ ಅಪ್ಪನ ಹೆಸರಿನ ಮುಂದೆ ‘ಮನೆಯಲ್ಲಿಲ್ಲ’ ಎಂದು ಗುರುತಿಸಿದೆ. ಕರಪತ್ರವನ್ನು ಕೈಗೆ ಕೊಟ್ಟು ಹೊರಟವಳನ್ನು ಅವಳೇ ತಡೆದು, “ಆಂಟಿ, ನೀವು ಬರೋ ಶನಿವಾರ ಬೇರೆ ಬೀದಿಗೆ ಹೋಗ್ತೀರಾ? ನಾನೂ ಬರಬಹುದಾ?” ಎಂದು ಕೇಳಿದಳು. ಅಪ್ಪನ ಒಪ್ಪಿಗೆ ಪಡೆದು ಬಾ ಎಂದೆ. ಮುಂದಿನ ಶನಿವಾರ ಹತ್ತು ಗಂಟೆಗೆ ಅಪ್ಪನೇ ಕಾರಿನಲ್ಲಿ ಕರೆತಂದು ಬಿಟ್ಟರು. ನನ್ನ ಬಳಿಗೆ ಬರಲಿಲ್ಲ, ಕಾರಿನಿಂದಲೇ ಕೈಯೆತ್ತಿ ನಮಸ್ಕಾರ ಮಾಡಿ ಹೋದರು. ಆ ದಿನ ನಾವಿಬ್ಬರೂ ಸೇರಿ ಮೂವತ್ತೆಂಟು ಮನೆ ಮುಗಿಸಿದೆವು.